ಹೋಗುವಾಗ ನೆಟ್ಟಗೆ, ಬರುವಾಗ ಬಾಲ ಆಡಿಸುವ ಟ್ರೇಲರ್

ದೋಷ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮನೆ ಮಂದಿ ಓಡಾಡುವ ಏಳು ಸೀಟಿನ ಡೀಸೆಲ್ ಗಾಡಿ. ಅದರ ಹಿಂದೆ ಎರಡು ಚಕ್ರದ ಟ್ರೇಲರ್. ಅದರ ಮೇಲೆ 16 ಅಡಿಯ ಹಾಯಿದೋಣಿ, ಕಟಮರಾನ್ ಜಾತಿಯದು. 50ರ ವೇಗದಲ್ಲಿ ಹಸುವಿನ ಹಿಂದೆ ಕರು ಬಂದ ಹಾಗೆ ಬರುತ್ತದೆ. 65 ದಾಟಿತೋ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಒಲೆಯತೊಡಗುತ್ತದೆ. ಪಕ್ಕದಲ್ಲಿ ಒಂದು ಬಸ್ಸು ಹಾದುಹೋದರೆ ಮುಗಿಯಿತು, ಒಲೆತ ಜಾಸ್ತಿಯಾಗುತ್ತಾ ಹೋಗಿ ಗಾಡಿಯ ಹಿಂಭಾಗವನ್ನೇ ಹಿಡಿದು ಅಲ್ಲಾಡಿಸುತ್ತದೆ. ಸ್ಟೀರಿಂಗ್ ಕೈಯಲ್ಲೇ ಇರುತ್ತದೆ, ಆದರೆ ಗಾಡಿ ಮಾತು ಕೇಳುವುದಿಲ್ಲ.

ವಿಚಿತ್ರ ಏನಂದರೆ, ನಮಗೆ ಇದು ಬರುವಾಗ ಮಾತ್ರ ಆಗುತ್ತಿತ್ತು. ತುಮಕೂರಿನಿಂದ ಕಾಪು ಕಡಲತೀರಕ್ಕೆ ಹೋಗುವಾಗ ಒಂದು ಸಲವೂ ಆಗಲಿಲ್ಲ. ಅದೇ ಗಾಡಿ, ಅದೇ ದೋಣಿ, ಅದೇ ಟೈರು, ಅದೇ ರಸ್ತೆ. ಸುಳಿವು ಕಣ್ಣೆದುರೇ ಇತ್ತು. ಅದನ್ನು ಬಿಟ್ಟು ಊರೆಲ್ಲ ಹುಡುಕಿ ಮೂರು ತಿಂಗಳು ಕಳೆದೆವು.

ತುಮಕೂರಿನವರಿಗೆ ಕಟಮರಾನ್ ಯಾಕಪ್ಪಾ ಅಂತ ನಮ್ಮ ಬೀದಿಯವರೂ ಕೇಳಿದ್ದಾರೆ. 'ಅಮಾನಿಕೆರೆಗೆ ಬಿಡ್ತೀರಾ ಸಾರ್?' ಅಂತ ನಕ್ಕವರೂ ಇದ್ದಾರೆ. ಹುಚ್ಚು, ಇನ್ನೇನು. ಹೆಸರಂತೂ ನಮ್ಮ ಕಿವಿಗೆ ಹೊಸದಲ್ಲ. ತಮಿಳಿನ ಕಟ್ಟುಮರಂ ಅನ್ನುವ ಮಾತೇ ಇಂಗ್ಲಿಷಿಗೆ ಹೋಗಿ ಕಟಮರಾನ್ ಆಗಿದೆ. ಕಟ್ಟು, ಮರ, ಎರಡೂ ಕನ್ನಡದಲ್ಲೂ ಅದೇ ಅರ್ಥ. ಈಗಿನದು ಫೈಬರಿನ ಎರಡು ಸಣಕಲು ದೋಣಿಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಅಲ್ಯೂಮಿನಿಯಂ ಚೌಕಟ್ಟು ಹಾಕಿ, ಮಂಚದ ನವಾರಿನ ಹಾಗೆ ಬಟ್ಟೆ ಬಿಗಿದ ರಚನೆ. ಈ ಅಳತೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಹೋಬಿ 16. ಉದ್ದ 5 ಮೀಟರಿಗೆ ಚೂರು ಜಾಸ್ತಿ, ಅಗಲ 2.41 ಮೀಟರ್, ತೂಕ ಸುಮಾರು 145 ಕಿಲೋ. ಹಾಯಿಕಂಬ ಮಾತ್ರ 8 ಮೀಟರ್ ದಾಟುತ್ತದೆ. ನಮ್ಮದು ಅದೇ ಅಳತೆಯ, ಮೂರು ಕೈ ದಾಟಿ ಬಂದ ಹಳೆಯ ದೋಣಿ.

ತೂಕ ಕೇಳಿದರೆ ಯಾರಿಗೂ ಭಯ ಆಗುವುದಿಲ್ಲ. ದೋಣಿ 145, ಟ್ರೇಲರ್ 130, ಹಾಯಿ, ಚುಕ್ಕಾಣಿ, ಹಗ್ಗ ಎಲ್ಲ ಸೇರಿ 25. ಒಟ್ಟು 300 ಕಿಲೋ. ಗಾಡಿಯೊಳಗೆ ನಾವು ಐದು ಜನ ಕೂತರೆ ಅದಕ್ಕಿಂತ ಜಾಸ್ತಿ ತೂಗುತ್ತೇವೆ. 'ಇಷ್ಟೇ ತಾನೇ' ಅನ್ನುವ ಈ ಉಡಾಫೆಯಿಂದಲೇ ನಾವು ಮೋಸ ಹೋದದ್ದು. ಇಲ್ಲಿ ಒಟ್ಟು ಭಾರಕ್ಕಿಂತ ಆ ಭಾರ ಎಲ್ಲಿ ಕೂತಿದೆ ಅನ್ನುವುದು ಮುಖ್ಯ.

ಒಲೆತ ಶುರುವಾದ ಆ ಕ್ಷಣದಲ್ಲಿ

ಕಾರಣ ಆಮೇಲೆ ಹುಡುಕಬಹುದು, ಮೊದಲು ಜೀವ ಉಳಿಸಿಕೊಳ್ಳಿ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಿರಿ. ಸ್ಟೀರಿಂಗ್ ನೆಟ್ಟಗೆ ಗಟ್ಟಿಯಾಗಿ ಹಿಡಿಯಿರಿ. ಅಷ್ಟೇ. ಟ್ರೇಲರ್ ಎಡಕ್ಕೆ ಹೋಯಿತು ಅಂತ ಬಲಕ್ಕೆ ತಿರುಗಿಸಬೇಡಿ. ನಿಮ್ಮ ಕೈ ಯಾವಾಗಲೂ ಅರ್ಧ ಕ್ಷಣ ತಡ, ಹಾಗಾಗಿ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದಂತಾಗಿ ಒಲೆತ ಇನ್ನೂ ಬೆಳೆಯುತ್ತದೆ. ಬ್ರೇಕ್ ಜೋರಾಗಿ ಒತ್ತಬೇಡಿ. ನಮ್ಮ ಥರದ ಸಣ್ಣ ಟ್ರೇಲರಿಗೆ ಬ್ರೇಕೇ ಇರುವುದಿಲ್ಲ, ಗಾಡಿ ನಿಂತರೂ ಹಿಂದಿನದು ನೂಕಿಕೊಂಡು ಬರುತ್ತದೆ. ಸ್ಪೀಡು ಜಾಸ್ತಿ ಮಾಡಿ ಎಳೆದು ನೆಟ್ಟಗೆ ಮಾಡ್ತೀನಿ ಅನ್ನುವ ಲಾರಿ ಡ್ರೈವರ್ ಸಲಹೆಯನ್ನೂ ಕೇಳಬೇಡಿ.

ನಮಗೆ ಮೊದಲ ಸಲ ಆದದ್ದು ಹಾಸನ ಕಳೆದು, ಹಿರೀಸಾವೆ ದಾಟಿ ಬೆಳ್ಳೂರು ಕ್ರಾಸ್ ಕಡೆ ಇಳಿಜಾರಿನಲ್ಲಿ ಬರುವಾಗ. ರಸ್ತೆ ಅಗಲ, ನುಣುಪು. ನಾನು ಖುಷಿಯಲ್ಲಿ 70ಕ್ಕೆ ಬಿಟ್ಟಿದ್ದೆ. ಪಕ್ಕದ ಸೀಟಿನಲ್ಲಿದ್ದ ಭಾವ ಕನ್ನಡಿ ನೋಡಿ, 'ಲೋ, ಹಿಂದೆ ಏನೋ ಡ್ಯಾನ್ಸ್ ಮಾಡ್ತಿದೆ, ಸುಮ್ನೆ ಕಾಲು ತೆಗಿ' ಅಂದರು. ತೆಗೆದೆ. ನಾಲ್ಕೈದು ಸಲ ಒಲೆದು ನಿಂತಿತು. ಎಡಕ್ಕೆ ಹಾಕಿ ನಿಲ್ಲಿಸಿದಾಗ ನನ್ನ ಕೈ ಸ್ಟೀರಿಂಗಿಗೆ ಅಂಟಿಕೊಂಡಿತ್ತು. ಅಲ್ಲಿಂದ ಯಡಿಯೂರು, ಕುಣಿಗಲ್ ಮೇಲೆ ಮನೆಯವರೆಗೂ 45ರಲ್ಲೇ ಬಂದೆವು. ಹಿಂದಿನವರೆಲ್ಲ ಹಾರ್ನ್ ಹೊಡೆದರು, ಹೊಡೆಯಲಿ.

ನಾವು ಮಾಡಿದ ತಪ್ಪು ಹುಡುಕಾಟ

ಮೊದಲು ಕಂಡದ್ದು ಎಡ ಟೈರು. ಬಲದ್ದಕ್ಕಿಂತ ಚೂರು ಕೂತ ಹಾಗಿತ್ತು. ಗಾಳಿ ಕಡಿಮೆ ಅಂತ ಅಲ್ಲೇ ತುಂಬಿಸಿದೆವು. ಗೇಜು ಹಾಕಿ ನೋಡಿದ್ದರೆ ಎರಡರಲ್ಲೂ ಗಾಳಿ ಒಂದೇ ಇದೆ ಅಂತ ಗೊತ್ತಾಗುತ್ತಿತ್ತು. ನೋಡಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಆ ಟೈರು ಮುಂದೆ ಮತ್ತೆ ಬರುತ್ತದೆ.

ಆಮೇಲೆ ಅಂತರಸನಹಳ್ಳಿ ಕಡೆಯ ಒಂದು ವರ್ಕ್‌ಶಾಪಿಗೆ ಕೊಂಡೊಯ್ದೆವು. ಮೇಸ್ತ್ರಿ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಪಳಗಿದವರು. ಚಕ್ರ ಎತ್ತಿ ಅಲ್ಲಾಡಿಸಿ, 'ಬೇರಿಂಗ್ ಪ್ಲೇ ಇದೆ ಸಾರ್' ಅಂದರು. ಇತ್ತು, ಸುಳ್ಳಲ್ಲ. ಎರಡೂ ಕಡೆ ಬೇರಿಂಗ್ ಬದಲಾಯಿತು. ಮುಂದಿನ ಸಲ ಬರುವಾಗ ಮತ್ತೆ ಅದೇ ಕಥೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು. ಮುಂದಕ್ಕೆ ಭಾರ ಹಾಕಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದರು ಅಂತ ಟ್ರೇಲರಿನ ಮೂತಿಗೆ 20 ಕಿಲೋ ಮರಳಿನ ಚೀಲ ಕಟ್ಟಿದೆವು. ಒಲೆತ ಕಡಿಮೆಯಾಯಿತು. 75ರವರೆಗೂ ತೆಪ್ಪಗಿತ್ತು. ಗೆದ್ದೆವು ಅಂದುಕೊಂಡೆವು. ಆದರೆ ಹೋಗುವಾಗ ಗಾಡಿಯ ಹಿಂಭಾಗ ಕುಗ್ಗಿ, ಸ್ಟೀರಿಂಗ್ ಹಗುರಾಗಿ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯತೊಡಗಿತು. ಜ್ವರಕ್ಕೆ ಮಾತ್ರೆ ನುಂಗಿ ಹುಣ್ಣನ್ನು ಹಾಗೇ ಬಿಟ್ಟಂತಾಗಿತ್ತು ನಮ್ಮ ಕೆಲಸ.

ಅಪ್ಪ ಮೂಕಿ ಎತ್ತಿದರು

ಮೂರನೇ ಸಲ ವಾಪಸ್ ಬಂದಾಗ ರಾತ್ರಿಯಾಗಿತ್ತು. ಗುಬ್ಬಿ ಹತ್ತಿರ ತೋಟದ ಮನೆಗೇ ನೇರ ಹೋಗಿ ಅಂಗಳದಲ್ಲಿ ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ನಾನು ಮರಳಿನ ಚೀಲ ಬಿಚ್ಚಿ ಕೆಳಗಿಟ್ಟು ಕಾಫಿ ಕುಡಿಯಲು ಒಳಗೆ ಹೋಗಿದ್ದೆ. ಅಪ್ಪ ಬಂದವರು ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕಪ್ಲಿಂಗ್ ಬಿಡಿಸಿ, ಟ್ರೇಲರಿನ ಮೂತಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದರು.

'ಲೇ, ಇದು ಹಿಂಭಾರ ಆಗೈತೆ ಕಣೋ. ಮೂಕಿ ನೋಡು, ಹೂವಿನ ಹಂಗೆ ಏಳ್ತೈತೆ. ಇದನ್ನ ಕಟ್ಕಂಡು ಘಾಟಿ ಹತ್ತಿ ಬಂದ್ಯಾ?'

ಅಪ್ಪನಿಗೆ ಹಾಯಿದೋಣಿ ಗೊತ್ತಿಲ್ಲ, ಎತ್ತಿನ ಗಾಡಿ ಗೊತ್ತು. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹೊಡೆದವರು. ಗಾಡಿಗೆ ಸರಕು ಹೇರುವಾಗ ಹಿಂದೆ ಜಾಸ್ತಿಯಾದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಎದ್ದು ನೊಗ ಎತ್ತಿನ ಕೊರಳನ್ನು ಮೇಲಕ್ಕೆ ಎಳೆಯುತ್ತದೆ. ಮುಂದೆ ಜಾಸ್ತಿಯಾದರೆ ಹೆಗಲು ಒತ್ತುತ್ತದೆ. ಹದ ಅಂದರೆ ಮೂಕಿ ತುಸು ಮುಂಭಾರವಾಗಿ ಕೂತಿರಬೇಕು. ಪಾಶ್ಚಾತ್ಯ ಕೈಪಿಡಿಗಳಲ್ಲಿ ಪುಟಗಟ್ಟಲೆ ಬರೆದಿರುವುದು ಇದನ್ನೇ. ಅವರು ಅದಕ್ಕೆ ಅಂಕಿ ಕೊಡುತ್ತಾರೆ: ಒಟ್ಟು ತೂಕದಲ್ಲಿ ಯುರೋಪಿನ ಕಡೆ ನೂರಕ್ಕೆ 5ರಿಂದ 7ರಷ್ಟು, ಅಮೆರಿಕದಲ್ಲಿ 10ರಿಂದ 15ರಷ್ಟು ಬಾಲ್ ಮೇಲೆ, ಅಂದರೆ ಗಾಡಿಯ ಹಿಂದೆ ಕಪ್ಲಿಂಗ್ ಕೂರುವ ಗುಂಡಿನ ಮೇಲೆ, ಕೂರಬೇಕು ಅಂತ. ನಮ್ಮ 300 ಕಿಲೋಗೆ 20ರಿಂದ 30 ಕಿಲೋ ಅಂತ ಇಟ್ಟುಕೊಂಡರೆ ತೊಂದರೆಯಿಲ್ಲ.

ಯಾಕೆ ಹೀಗೆ ಅಂದರೆ, ಟ್ರೇಲರ್ ತನ್ನ ಚಕ್ರದ ಮೇಲೆ ಗಿರಕಿ ಹೊಡೆಯಲು ನೋಡುವ ಕೋಲಿನಂತೆ. ಭಾರ ಅಚ್ಚಿಗಿಂತ ಹಿಂದಿದ್ದರೆ ಆ ಬಾಲ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನಿಧಾನಕ್ಕೆ ಹೋಗುವಾಗ ಟೈರುಗಳ ಹಿಡಿತ ಪ್ರತಿ ಒಲೆತವನ್ನೂ ಸಾಯಿಸುತ್ತದೆ. ಒಂದು ವೇಗ ದಾಟಿದ ಮೇಲೆ ಸಾಯಿಸುವ ಬದಲು ಬೆಳೆಯಲು ಬಿಡುತ್ತದೆ. ಹಿಂಭಾರ ಜಾಸ್ತಿಯಾದಷ್ಟೂ ಆ ವೇಗ ಕೆಳಗಿಳಿಯುತ್ತದೆ. ನಮ್ಮದು 65ಕ್ಕೆ ಇಳಿದಿತ್ತು.

ಸರಿ, ಹಿಂಭಾರ. ಆದರೆ ಹೋಗುವಾಗ ಇಲ್ಲದ ಹಿಂಭಾರ ಬರುವಾಗ ಎಲ್ಲಿಂದ ಬಂತು? ಅದೇ ದೋಣಿ, ಅದೇ ಗುರುತಿಗೆ ಕಟ್ಟಿದ್ದೆವು. ನಾನು ಪಟ್ಟಿ, ಹಗ್ಗ ಅಂತ ತಡಕಾಡುತ್ತಿದ್ದರೆ ಅಪ್ಪ ಎಡದೋಣಿಯ ಹಿಂಬದಿಗೆ ಬೆರಳ ಗೆಣ್ಣಿನಿಂದ ತಟ್ಟಿದರು. ಬಲದೋಣಿಗೆ ತಟ್ಟಿದರು. ಮತ್ತೆ ಎಡಕ್ಕೆ. ಅಟ್ಟದಲ್ಲಿ ಹಾಕಿದ ಕಾಯಿ ಒಣಗಿ ಗಿಟುಕಾಗಿದೆಯೋ, ಒಳಗಿನ್ನೂ ನೀರಿದೆಯೋ ಅಂತ ನೋಡುವ ತಟ್ಟು ಅದು. ಬಲದ್ದು ಟಣ್ ಅಂತಿತು. ಎಡದ್ದು ದಬ್ ಅಂತಿತು.

'ನೀರೈತೆ' ಅಂದರು.

ಟ್ರೇಲರಿನ ಮೂತಿಯನ್ನು ಎತ್ತಿ ಹಿಡಿದು, ಎಡದೋಣಿಯ ಹಿಂಬದಿಯ ಬಿರಡೆ ತಿರುವಿದೆ. ಬೆರಳ ದಪ್ಪದ ಧಾರೆಯಾಗಿ ಉಪ್ಪುನೀರು ಸುರಿಯಿತು. ಅಮ್ಮ ಒಳಗಿಂದ ಬಕೆಟ್ ತಂದು ಇಟ್ಟರು, ಅಂಗಳದ ಕನಕಾಂಬರದ ಗಿಡಕ್ಕೆ ಉಪ್ಪುನೀರು ಹೋಗಬಾರದು ಅಂತ. 16 ಲೀಟರಿನ ಬಕೆಟ್ಟಿನಲ್ಲಿ ಎರಡೂವರೆ. ಅಂದರೆ 40 ಲೀಟರ್.

ಲೆಕ್ಕ ಮಾಡಿ ನೋಡಿ. ನಮ್ಮ ಟ್ರೇಲರಿನಲ್ಲಿ ಕಪ್ಲಿಂಗಿನಿಂದ ಅಚ್ಚಿಗೆ 3.6 ಮೀಟರ್. ನೀರು ನಿಂತಿದ್ದ ಜಾಗ ಅಚ್ಚಿನಿಂದ ಸುಮಾರು 1.7 ಮೀಟರ್ ಹಿಂದೆ. 40 ಕಿಲೋವನ್ನು 1.7ರಿಂದ ಗುಣಿಸಿ 3.6ರಿಂದ ಭಾಗಿಸಿದರೆ 19 ಬರುತ್ತದೆ. ಮೂಕಿಯ ಮೇಲಿನ ಭಾರ 24 ಕಿಲೋ ಇದ್ದದ್ದು 5ಕ್ಕೆ ಇಳಿದಿತ್ತು. ಕೂತ ಹಾಗೆ ಕಂಡ ಎಡ ಟೈರಿನ ಗುಟ್ಟೂ ಅದೇ: ಗಾಳಿ ಸರಿಯಿತ್ತು, ಆ ಕಡೆ ಇನ್ನೊಬ್ಬ ಹುಡುಗ ಹತ್ತಿ ಕೂತಷ್ಟು ಭಾರ ಜಾಸ್ತಿಯಿತ್ತು.

ಬಿರಡೆ ತೆರೆದು ನೋಡಿದ್ದೆವಲ್ಲ?

ಇದು ನನಗೆ ತುಂಬಾ ಹೊತ್ತು ಕಾಡಿತು. ಕಡಲಿನಿಂದ ಎತ್ತಿದ ಮೇಲೆ ಎರಡೂ ಬಿರಡೆ ತೆರೆದು ನೀರು ಬಿಡುವುದು ಎಲ್ಲರೂ ಮಾಡುವ ಕೆಲಸ. ನಾವೂ ಮಾಡಿದ್ದೆವು. ಒಂದು ಹನಿ ಬಂದಿರಲಿಲ್ಲ.

ಕಾರಣ ಇಷ್ಟು. ದಡದಲ್ಲಿ ದೋಣಿ ಕಟ್ಟುವಾಗ ಟ್ರೇಲರನ್ನು ಗಾಡಿಯಿಂದ ಬಿಡಿಸಿದ್ದೆವು. ಮೂಕಿಯ ಕೆಳಗಿನ ಪುಟ್ಟ ಗಾಲಿ ಮರಳಿನಲ್ಲಿ ಹೂತು ಮೂತಿ ನೆಲ ಕಚ್ಚಿತ್ತು. ಒಳಗಿನ ನೀರೆಲ್ಲ ದೋಣಿಯ ಮೂತಿ ಕಡೆ ಹೋಗಿ ಕೂತಿತ್ತು. ಬಿರಡೆ ಇರುವುದು ಹಿಂದೆ. ತೆರೆದರೆ ಏನು ಬರುತ್ತದೆ? ಖಾಲಿ ಅಂತ ತಿಳಿದು ಮುಚ್ಚಿದೆವು. ಶಿರಾಡಿ ಘಾಟಿ ಹತ್ತುವಾಗ ಮೂತಿ ಮೇಲಾಯಿತು, ನೀರು ಹಿಂದಕ್ಕೆ ಹರಿಯಿತು. ಸಕಲೇಶಪುರ ದಾಟಿ ರಸ್ತೆ ಸಮವಾದ ಮೇಲಾದರೂ ವಾಪಸ್ ಬರಬೇಕಲ್ಲ? ಬರಲಿಲ್ಲ. ಯಾಕೆಂದರೆ ನಮ್ಮ ಗಾಡಿ ಎತ್ತರ. ಬಾಲ್ ನೆಲದಿಂದ 56 ಸೆಂಟಿಮೀಟರ್ ಮೇಲಿದೆ. ಟ್ರೇಲರ್ ಸಮವಾಗಿ ನಿಲ್ಲಬೇಕಾದರೆ 44 ಇರಬೇಕಿತ್ತು. ಅಂದರೆ ಸಮ ರಸ್ತೆಯಲ್ಲೂ ಟ್ರೇಲರ್ ಮೂತಿ ಎತ್ತಿಕೊಂಡೇ ಬರುತ್ತಿತ್ತು, ನೀರಿಗೆ ಅಷ್ಟು ಇಳಿಜಾರು ಸಾಕು.

ನೀರು ಒಳಗೆ ಹೋದದ್ದು ಬಿರಡೆಯ ವಾಷರಿನಿಂದಲೇ. ರಬ್ಬರು ಬಿಸಿಲಿಗೆ ಒಣಗಿ ಹಪ್ಪಳದ ಹಾಗಾಗಿತ್ತು, ಅದರ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಒಂದು ಮರಳ ಕಣ ಸಿಕ್ಕಿಹಾಕಿಕೊಂಡಿತ್ತು. ಒಂದಿಡೀ ದಿನ ಅಲೆಯಲ್ಲಿ ಆಡಿದರೆ 40 ಲೀಟರ್ ಒಳಗೆ ಹೋಗಲು ಅಷ್ಟು ಸಂದು ಧಾರಾಳ. ತಪ್ಪು ದೋಣಿ ಮಾಡಿದವರದಲ್ಲ. ಹತ್ತು ರೂಪಾಯಿಯ ವಾಷರ್ ಬದಲಿಸದ ನಮ್ಮದು.

ಈಗ ಮಾಡಿದ್ದು ಮೂರು ಕೆಲಸ. ಹೊಸ ವಾಷರ್ ಹಾಕಿ ಸಿಲಿಕೋನ್ ಗ್ರೀಸ್ ಸವರಿದೆವು. ಬಾಲ್ ಕೂರುವ ಬ್ರಾಕೆಟ್ ಬದಲಿಸಿ 10 ಸೆಂಟಿಮೀಟರ್ ಕೆಳಗಿಳಿಸಿದೆವು. ಬಿರಡೆಯನ್ನು ದಡದಲ್ಲಿ ಒಮ್ಮೆ, ಟ್ರೇಲರನ್ನು ಗಾಡಿಗೆ ಕಟ್ಟಿ ಮೂತಿ ಎತ್ತರಕ್ಕೆ ನಿಲ್ಲಿಸಿ ಇನ್ನೊಮ್ಮೆ ತೆರೆಯುತ್ತೇವೆ. ಮರಳಿನ ಚೀಲ ಈಗ ತೋಟದ ಗೇಟಿಗೆ ಒರಗಿ ಕೂತಿದೆ.

ನಿಮ್ಮ ಟ್ರೇಲರ್ ಒಲೆದರೆ

ಮೊದಲ ಪ್ರಶ್ನೆ: ಯಾವಾಗ? ಹೋಗುವಾಗಲೂ ಬರುವಾಗಲೂ ಆದರೆ ಹೇರಿದ ರೀತಿಯೇ ಸರಿಯಿಲ್ಲ. ಬರುವಾಗ ಮಾತ್ರ ಆದರೆ ಏನು ಬದಲಾಯಿತು ಅಂತ ನೋಡಿ: ನೀರು, ಒದ್ದೆ ಹಾಯಿ, ಹಿಂದೆ ತುರುಕಿದ ಐಸ್ ಡಬ್ಬ. ಗಾಳಿ ಬೀಸಿದಾಗ ಮಾತ್ರ ಆದರೆ ದೋಷ ಹುಡುಕಬೇಡಿ, ನಿಧಾನಕ್ಕೆ ಹೋಗಿ. ಎರಡು ಉದ್ದ ದೋಣಿ ಗಾಳಿಗೆ ಗೋಡೆಯ ಹಾಗೆ, ಹಗುರ ಬೇರೆ.

ಮೂಕಿಯ ಭಾರ ನೋಡಲು ಮನೆಯಲ್ಲಿ ತೂಕ ನೋಡಿಕೊಳ್ಳುವ ಮಷೀನ್ ಸಾಕು. ಸಮ ನೆಲ, ಚಕ್ರಕ್ಕೆ ಎರಡೂ ಕಡೆ ಕಲ್ಲು. ಮಷೀನ್ ಮೇಲೆ ಒಂದು ಮರದ ತುಂಡು ನಿಲ್ಲಿಸಿ ಅದರ ಮೇಲೆ ಕಪ್ಲಿಂಗ್ ಕೂರಿಸಿ. ಗಮನಿಸಿ, ತುಂಡಿನ ಎತ್ತರ ನಿಮ್ಮ ಗಾಡಿಯ ಬಾಲ್ ಎತ್ತರಕ್ಕೇ ಬರಬೇಕು. ಮೂತಿ ಕೆಳಗಿಟ್ಟು ತೂಗಿದರೆ ನಮ್ಮ ಬಿರಡೆಯ ಹಾಗೆ ಅದೂ ಸುಳ್ಳು ಹೇಳುತ್ತದೆ.

ಭಾರ ಕಡಿಮೆ ಬಂದರೆ ಚೀಲ ಕಟ್ಟಬೇಡಿ, ದೋಣಿಯನ್ನೇ ಮುಂದಕ್ಕೆ ಸರಿಸಿ. ನಮ್ಮ ಅಳತೆಯ ಟ್ರೇಲರಿನಲ್ಲಿ ದೋಣಿ 10 ಸೆಂಟಿಮೀಟರ್ ಮುಂದೆ ಸರಿದರೆ ಮೂಕಿಯ ಮೇಲೆ 4 ಕಿಲೋ ಕೂಡುತ್ತದೆ. ಒಂದು ಗೇಣು ಸರಿಸಿದರೆ ಸಾಕಷ್ಟು ವ್ಯತ್ಯಾಸ. ಆಮೇಲೆ ದೋಣಿಯ ಮೇಲೆ ಪೇಂಟಿನಲ್ಲಿ ಗುರುತು ಹಾಕಿಬಿಡಿ. ಬಾಲ್ ಎಷ್ಟು ಭಾರ ತಡೆಯುತ್ತದೆ, ಗಾಡಿ ಎಷ್ಟು ಎಳೆಯಬಹುದು ಅಂತ ಗಾಡಿಯ ಕೈಪಿಡಿಯಲ್ಲಿ ಬರೆದಿದ್ದರೆ ಅದೇ ಕೊನೆಯ ಮಾತು, ನನ್ನದಲ್ಲ.

ಭಾರ ಸರಿಯಿದ್ದೂ ಒಲೆದರೆ ಗಾಡಿಯ ಹಿಂದಿನ ಟೈರಿನ ಗಾಳಿ ನೋಡಿ. ಎಲ್ಲರೂ ಟ್ರೇಲರ್ ಟೈರು ನೋಡಿ ಇದನ್ನು ಮರೆಯುತ್ತಾರೆ. ಅಲ್ಲಿ ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಮೆತ್ತಗಾಗಿ ಗಾಡಿಯೇ ಒಲೆತಕ್ಕೆ ತಾಳ ಹಾಕುತ್ತದೆ. ಅದಾದ ಮೇಲೆ ಟೇಪು ಹಿಡಿದು ಕಪ್ಲಿಂಗಿನ ನಡುವಿನಿಂದ ಅಚ್ಚಿನ ಎರಡೂ ತುದಿಗೆ ಅಳೆಯಿರಿ. ಎರಡೂ ಒಂದೇ ಬರಬೇಕು. ವ್ಯತ್ಯಾಸ ಬಂದರೆ ಅಚ್ಚು ಹಿಡಿದಿರುವ ಯು-ಬೋಲ್ಟ್ ಸಡಿಲವಾಗಿ ಜಾರಿದೆ ಅಂತ ಅರ್ಥ. ಕೊನೆಗೆ ಬಾಲ್. ನಮ್ಮಲ್ಲಿ ಸಿಗುವ ಸಾಮಾನಿನಲ್ಲಿ 50 ಮಿಲಿಮೀಟರಿನದೂ ಇದೆ, 2 ಇಂಚಿನದೂ ಇದೆ. 2 ಇಂಚು ಅಂದರೆ 50.8. ದೊಡ್ಡ ಕಪ್ಲಿಂಗಿನಲ್ಲಿ ಚಿಕ್ಕ ಬಾಲ್ ಕೂರುತ್ತದೆ, ಲಾಕೂ ಆಗುತ್ತದೆ, ಆದರೆ ಪ್ರತಿ ಹಂಪಿಗೂ ಟಕ್ ಅನ್ನುತ್ತದೆ. ಲಾಕ್ ಆದ ಮೇಲೆ ಪುಟ್ಟ ಗಾಲಿಯ ಹಿಡಿ ತಿರುಗಿಸಿ ಮೂತಿ ಎತ್ತಿ ನೋಡಿ. ಗಾಡಿಯ ಹಿಂಭಾಗವೂ ಜೊತೆಗೇ ಎದ್ದರೆ ಸರಿ. ಚೈನು ಎರಡನ್ನೂ ಕಪ್ಲಿಂಗಿನ ಕೆಳಗೆ ಕತ್ತರಿಯ ಹಾಗೆ ಅಡ್ಡ ಹಾಯಿಸಿ ಕಟ್ಟಿ. ಬಿಟ್ಟುಹೋದರೂ ಮೂಕಿ ಆ ತೊಟ್ಟಿಲಲ್ಲಿ ಬೀಳುತ್ತದೆ, ರಸ್ತೆಗೆ ಕುತ್ತುವುದಿಲ್ಲ.

ಚಕ್ರದ ಗುಬ್ಬ ಬಿಸಿಯಾದರೆ

20–30 ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎರಡೂ ಚಕ್ರದ ನಡುವಿನ ಗುಬ್ಬಕ್ಕೆ (ಹಬ್) ಅಂಗೈ ಹಿಂಭಾಗ ಮುಟ್ಟಿಸಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಟ್ಟರೆ, ಅಥವಾ ಒಂದು ಬೆಚ್ಚಗೆ ಇನ್ನೊಂದು ಕಾದ ಕಾವಲಿ ಆಗಿದ್ದರೆ, ಮುಂದೆ ಹೋಗಬೇಡಿ. ಜಾಕ್ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಂಡೂ ಕಾಣದಷ್ಟು ಆಟ ಇರಬೇಕು. ತೀರಾ ಬಿಗಿಯಿದ್ದರೂ ಬಿಸಿಯಾಗುತ್ತದೆ. ತಿರುಗಿಸಿದಾಗ ಗರಗರ ಅಂದರೆ ಒಳಗೆ ನೀರು ಹೋಗಿ ಬೇರಿಂಗ್ ತುಕ್ಕು ಹಿಡಿದಿದೆ.

ಉಪ್ಪುನೀರಿಗೆ ಟ್ರೇಲರ್ ಇಳಿಸುವವರು ಒಂದು ಮಾತು ತಿಳಿದಿರಬೇಕು. ಓಡಿ ಬಂದ ಬಿಸಿ ಗುಬ್ಬವನ್ನು ನೇರ ನೀರಿಗೆ ಅದ್ದಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸೀಲಿನ ಸಂದಿನಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು, ಆರಿದ ಮೇಲೆ ಇಳಿಸಿ. ಇಳಿಸದೇ ಇದ್ದರೆ ಇನ್ನೂ ಒಳ್ಳೆಯದು. ಈ ದೋಣಿ ಹಗುರ, ಮರಳಿನ ಮೇಲೆ ಉರುಳುವ ದಪ್ಪ ರಬ್ಬರ್ ಗಾಲಿಯ ಮೇಲಿಟ್ಟು ನಾಲ್ಕು ಜನ ನೂಕಬಹುದು.

ಟ್ರೇಲರ್ ಟೈರು ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ನೇ ಇಸವಿಯ 23ನೇ ವಾರ. ಬಟನ್ ಹೊಸದರಂತಿದ್ದರೂ ಪಕ್ಕೆಯಲ್ಲಿ ಕೂದಲೆಳೆ ಬಿರುಕು ಕಂಡರೆ ಬಿಸಾಡಿ.

ಲೈಟು ಹುಚ್ಚು ಹಿಡಿದಂತೆ ಆಡಿದರೆ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಎಲ್ಲ ಲೈಟೂ ಒಟ್ಟಿಗೆ ಕಣ್ಣು ಮಿಟುಕಿಸುತ್ತದೆ. ಹತ್ತರಲ್ಲಿ ಒಂಬತ್ತು ಸಲ ಇದು ಅರ್ತಿಂಗ್ ದೋಷ. ಕರೆಂಟಿಗೆ ವಾಪಸ್ ಹೋಗಲು ತನ್ನ ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ಹೋಗುತ್ತಿರುತ್ತದೆ. ಒಂದು ಉದ್ದ ವೈರಿನ ಒಂದು ತುದಿಯನ್ನು ಗಾಡಿಯ ಬರಿ ಕಬ್ಬಿಣಕ್ಕೆ, ಇನ್ನೊಂದನ್ನು ಟ್ರೇಲರ್ ಲೈಟಿನ ಅರ್ತಿಂಗ್ ತುದಿಗೆ ಮುಟ್ಟಿಸಿ. ಸರಿಹೋದರೆ ಸಿಕ್ಕಿತು ಕಳ್ಳ. ಏಳು ಪಿನ್ನಿನ ಸಾಕೆಟ್ಟಿನಲ್ಲಿ ಬಿಳಿ ವೈರು ಅರ್ತಿಂಗ್, ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕು. ಇದು ನಿಯಮದ ಮಾತು. ವೆಲ್ಡಿಂಗ್ ಶಾಪಿನವರು ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ, ಟೆಸ್ಟರ್ ಹಿಡಿದೇ ನಂಬಿ. ಇಂಡಿಕೇಟರ್ ಗಡಿಬಿಡಿಯಿಂದ ಮಿಟುಕಿದರೆ ಬಲ್ಬು ಹೋಗಿದೆ, ಅಥವಾ ಎಲ್‌ಇಡಿ ಹಾಕಿಸಿದ್ದೀರಿ.

ಲೈಟು, ನಂಬರ್ ಎರಡೂ ಇಲ್ಲದೆ ರಸ್ತೆಗಿಳಿಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ವಾಹನವೇ. ತುಮಕೂರಿನ ಆರ್‌ಟಿಒ (ಕೆಎ-06) ಕಚೇರಿಯಲ್ಲಿ ನಾನು 'ದೋಣಿ ಎಳೆಯೋ ಟ್ರೇಲರ್' ಅಂದಾಗ ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ಒಂದು ನಿಮಿಷ ನೋಡಿದರು.

ಸದ್ದು

ವೇಗ ಹೆಚ್ಚಿದಂತೆ ಹಿಂದಿನಿಂದ ಝೇಂಕಾರ ಬಂದರೆ ಹೆದರಬೇಡಿ, ಅದು ಕಟ್ಟುವ ಪಟ್ಟಿ ಗಾಳಿಗೆ ಹಾಡುವುದು. ಪಟ್ಟಿಗೆ ಒಂದು ಸುತ್ತು ತಿರುವು ಕೊಟ್ಟು ಬಿಗಿದರೆ ಬಾಯಿ ಮುಚ್ಚುತ್ತದೆ. ಟಣಟಣ ಅಂದರೆ ಕಂಬದೊಳಗಿನ ತಂತಿ. ಕಂಬದ ತುದಿ ದೋಣಿಗಿಂತ ಹೊರಗೆ ಚಾಚಿರುತ್ತದೆ, ಅದಕ್ಕೆ ಕೆಂಪು ಬಟ್ಟೆ ಕಟ್ಟಿ, ರಾತ್ರಿಯಾದರೆ ಲೈಟು.

ಕಂಬದ ಮಾತು ಬಂದಿದ್ದಕ್ಕೆ ಇನ್ನೊಂದು. ದೋಷಕ್ಕೆ ಸಂಬಂಧವಿಲ್ಲ, ಆದರೂ ಹೇಳಬೇಕು. ಕಂಬ ಅಲ್ಯೂಮಿನಿಯಂನದು, 8 ಮೀಟರ್. ನಮ್ಮ ಕೆರೆ ಏರಿಗಳ ಪಕ್ಕ ಪಂಪ್‌ಸೆಟ್ಟಿಗೆ ಹೋಗುವ ಕರೆಂಟ್ ಲೈನು ಎಲ್ಲೆಲ್ಲೂ ಇದೆ. ಕಂಬ ನಿಲ್ಲಿಸುವ ಮೊದಲು, ನಿಲ್ಲಿಸಿದ ದೋಣಿ ನೂಕುವ ಮೊದಲು, ತಲೆ ಎತ್ತಿ ನೋಡಿ. ಭಾವನಿಗೆ ನಾವು ಕೊಟ್ಟಿರುವ ಕೆಲಸ ಅದೊಂದೇ: ಮೇಲೆ ನೋಡುವುದು.

ಹೋದ ವಾರ ಬರುವಾಗ ಅದೇ ಹಿರೀಸಾವೆ ಇಳಿಜಾರಿನಲ್ಲಿ, ಬಸ್ಸು ಪಕ್ಕದಲ್ಲೇ ಹಾದರೂ ಟ್ರೇಲರ್ ಅಲ್ಲಾಡಲಿಲ್ಲ. ಬಲ ಚಕ್ರದಿಂದ ಮಾತ್ರ 40ರ ವೇಗದಲ್ಲಿ ಟಿಕ್ ಟಿಕ್ ಅನ್ನುವ ಸದ್ದೊಂದು ಹೊಸದಾಗಿ ಬರುತ್ತಿದೆ. ಗುಬ್ಬ ಬಿಸಿಯಿಲ್ಲ, ಆಟ ಜಾಸ್ತಿಯಿಲ್ಲ. ಟೈರಿನಲ್ಲಿ ಕಲ್ಲೋ, ಲೀಫ್ ಪ್ಲೇಟಿನ ಕ್ಲಿಪ್ಪೋ. ಭಾನುವಾರ ಬಿಚ್ಚಬೇಕು.